ಸಾಹೇಬರ ಹಳೆಯ ಫೋಟೊ

ನಮ್ಮೂರ ಶಾಲೆಗೆ ತನಿಖೆಗೆ ಬಂದ ಸಾಹೇಬರು ಗುಡುಗಿದರು: “ಕಾಲ ಕಳೆದಂತೆ ಆದ ಬದಲಾವಣೆಯನ್ನು ಮಕ್ಕಳು ‘ಹ್ಯಾಸ್’ ಹಚ್ಚಿ ಇಂಗ್ಲಿಷಿನಲ್ಲಿ ಹೇಳಬೇಕು. ಪುಸ್ತಕದ ವಾಕ್ಯ ಬ್ಯಾಡ. ಬರಲಿಲ್ಲಂದ್ರ ನಾಳೆಯಿಂದ ಇಂಗ್ಲಿಷ್ ತರಗತಿ ಬಂದ್!”

ಮಕ್ಕಳು ಹೆದರಿ ಮಾಸ್ತರರ ಕಡೆ ನೋಡಿದರು. ಚೆನ್ನಬಸಪ್ಪ ಮಾಸ್ತರರು ‘ಶಿವಾ’ ಎನ್ನುತ್ತ ಗೋಡೆಯ ಕಡೆ ನಡೆದರು. ಸಾಹೇಬರು ಇದೇ ಶಾಲೆಯಲ್ಲಿ ಓದಿದವರು. ಗೋಡೆಯ ಮೇಲಿದ್ದ ಅವರ ತರಗತಿಯ ಹಳೆಯ ಫೋಟೊದಲ್ಲಿ ಅವರು ದಟ್ಟ ಕ್ರಾಪಿನ ಸಣಕಲು ಹುಡುಗ. ಮಾಸ್ತರರು ಅದನ್ನಿಳಿಸಿ ಸಾಹೇಬರ ಪಕ್ಕಕ್ಕೆ ಹಿಡಿದು, “ಎರಡೂ ನೋಡಿ ಹೇಳ್ರೆಪ್ಪಾ” ಎಂದರು.

ಮುಂದಿನ ಸಾಲಿನ ಹುಡುಗಿ ಸಾವಕ್ಕ ಎದ್ದಳು. “ಸರ್ ಹ್ಯಾಸ್ ಲಾಸ್ಟ್ ಹಿಸ್ ಹೇರ್!”

“ಸರ್ ಹ್ಯಾಸ್ ಬಿಕಮ್ ಫ್ಯಾಟ್!” ಹಿಂದಿನ ಸಾಲು ಕೂಗಿತು.

ಸಾಹೇಬರ ಕೈ ಬೋಳುತಲೆಗೆ ಹೋಯಿತು.

“ಏನರ ತಪ್ಪೈತೇನ್ರೀ ಸಾಹೇಬ್ರ?” ಮಾಸ್ತರರು ಕೈಮುಗಿದು ಕೇಳಿದರು.

“ಎಲ್ಲಾ ಸರಿ ಐತ್ರೀ ಮಾಸ್ತರ! ತರಗತಿ ನಡಸ್ರಿ. ಮೊದಲ ಆ ಫೋಟೊ ಒಳಗಿಡ್ರಿ!”