ಇನ್ನೂರ ಹದಿಮೂರನೆಯ ಪುಟ

ಚೆಲುವಯ್ಯ ಮೇಷ್ಟ್ರು ಮೂವತ್ತೆಂಟು ವರ್ಷ ಕಾನೂನು ಕಾಲೇಜಿನಲ್ಲಿ ಸಂವಿಧಾನವನ್ನೂ ಕಾನೂನಿನ ಇತಿಹಾಸವನ್ನೂ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಹೊಳೆ ದಂಡೆಯ ಮಠವೊಂದರ ಕೋಣೆಯಲ್ಲಿದ್ದರು.

ಅವರ ತರಗತಿಯಲ್ಲಿ ಒಂದು ಕಟ್ಟುಪಾಡು. ಯಾವ ಸಾಲನ್ನೇ ಎತ್ತಿ ಹೇಳಿ, ಅದರ ಹಿಂದಿನದನ್ನೂ ಮುಂದಿನದನ್ನೂ ಓದಲೇಬೇಕು. ಓದದವನು ಪಾಠ ಮುಗಿಯುವ ತನಕ ನಿಂತೇ ಇರಬೇಕು. ಶಿಷ್ಯ ವಾಮದೇವ ಒಂದು ದಿನವೂ ನಿಂತವನಲ್ಲ. ಅಂಥಾ ಜಾಣ!

ಆ ಜಾಣ ಈಗ ಸರ್ಕಾರಿ ವಕೀಲ. ಹೊಸ ನ್ಯಾಯಾಧೀಶರ ಪಟ್ಟಿಗೆ ಅವನ ಹೆಸರು ಹೋಗಿತ್ತು. ಒಂದು ಬೆಳಿಗ್ಗೆ ಹಣ್ಣಿನ ಬುಟ್ಟಿ ಹಿಡಿದುಕೊಂಡು, ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಹತ್ತಿರ ಬಂದ.

"ಸಾರ್, ಮರಿಸಿದ್ದನ ಕೇಸು ಗೆದ್ದೆ. ನಿಮ್ಮ ಪುಸ್ತಕ ಇಟ್ಟುಕೊಂಡೇ ಗೆದ್ದೆ. ತೀರ್ಪಿನಲ್ಲಿ ನಿಮ್ಮ ಹೆಸರೂ ಬಂದಿದೆ!"

ಗುರುಗಳು ಹಿಗ್ಗಲಿಲ್ಲ. "ಮರಿಸಿದ್ದ ಅಂದರೆ ಯಾರು?"

"ಅರ್ಜಿದಾರ ಸಾರ್. ವಿಚಾರಣೆ ಇಲ್ಲದೆ ಒಳಗಿಟ್ಟಿದ್ದಾರೆ, ಬಿಡಿಸಿ ಅಂತ ಬಂದಿದ್ದ. ಅರ್ಜಿ ವಜಾ ಆಯ್ತು."

"ಮೀನು ಹಿಡಿಯೋನು ಕಣಯ್ಯ. ಹೊಳೆ ಮರಳು ಹೊರುತ್ತಿದ್ದ ಲಾರಿಗಳಿಗೆ ಅಡ್ಡ ಕೂತ, ಅಷ್ಟೇ ಅವನು ಮಾಡಿದ್ದು. ಮೊನ್ನೆ ಅವನ ಹೆಂಡತಿ ಚಿಕ್ಕತಾಯಮ್ಮ ಬಂದಿದ್ದಳು. ನೀನು ನಿಂತಿದ್ದೀಯಲ್ಲ, ಅದೇ ಮೆಟ್ಟಿಲ ಮೇಲೆ ನಿಂತು ಕೇಳಿದಳು. 'ಹಿಂಗೆ ಹಿಡ್ಕೊಂಡೋಗಿ ಕೂಡಾಕಬೋದು ಅಂತ ನೀವೇ ಬರ್ದಿದ್ದೀರಂತಲ್ಲ, ದಿಟವಾ ಬುದ್ಧಿ?'"

ವಾಮದೇವ ಹಣ್ಣಿನ ಬುಟ್ಟಿ ಕೆಳಗಿಟ್ಟ.

ಗುರುಗಳು ಒಳಗಿನಿಂದ ಪುಸ್ತಕ ತಂದು ಅವನ ಕೈಗಿಟ್ಟರು. "ಇನ್ನೂರ ಹದಿಮೂರನೆಯ ಪುಟ. ಕೊನೆಯ ಸಾಲು ಓದು."

ಅವನು ಜೆರಾಕ್ಸ್ ಮಾಡಿಸಿ ಕೋರ್ಟಿಗೆ ಕೊಟ್ಟ ಪುಟ ಅದೇ. ಓದಿದ. "'ವಿಚಾರಣೆ ಇಲ್ಲದೆ ಜನರನ್ನು ಬಂಧಿಸಿಡುವ ಅಧಿಕಾರವನ್ನು ನಮ್ಮನ್ನಾಳಿದವರೆಲ್ಲ ಚಲಾಯಿಸಿದ್ದಾರೆ, ನ್ಯಾಯಾಲಯಗಳೂ ಅದನ್ನು ಒಪ್ಪಿವೆ.'"

"ಪುಟ ತಿರುವು."

ತಿರುವಿದ. ಧ್ವನಿ ಇಳಿಯಿತು. "'ಆ ಒಪ್ಪಿಗೆಯೇ ನಮ್ಮ ಕಾನೂನಿನ ಇತಿಹಾಸದ ದೊಡ್ಡ ನಾಚಿಕೆಗೇಡು.'"

"ಇದು ಗೊತ್ತಿರಲಿಲ್ಲವೇನೋ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದ ಪುಣ್ಯಾತ್ಮ.

"ಗೊತ್ತಿತ್ತು ಸಾರ್. ಆದರೆ ನನ್ನದು ಅಂತ ಒಂದಕ್ಷರ ಸೇರಿಸಲಿಲ್ಲ. ಓದಿದ್ದೆಲ್ಲ ನಿಮ್ಮದೇ."

"ನನ್ನದೇ. ಅದಕ್ಕೇ ಕರುಳು ಉರಿಯೋದು. ಮೂವತ್ತೆಂಟು ವರ್ಷ ಗಂಟಲು ಹರಿದುಕೊಂಡೆ. ಕೊನೆಗೆ ಒಬ್ಬ ಬಡಪಾಯಿಯನ್ನ ಒಳಗಿಡೋಕೆ ನಾನು ಬರೆದದ್ದೇ ಬೇಕಾಯ್ತು ನಿಮಗೆ."

ವಾಮದೇವ ಪುಸ್ತಕ ಮುಚ್ಚಿ ಮೆಟ್ಟಿಲ ಮೇಲಿಟ್ಟ. ಗುರುಗಳ ಮಾತು ಸ್ವಲ್ಪ ಮೆತ್ತಗಾಯಿತು.

"ನಾಳೆ ಕೋರ್ಟಿಗೆ ಹೋಗು. ಮುಂದಿನ ಪುಟ ಮುಚ್ಚಿಟ್ಟಿದ್ದೆ ಅಂತ ಒಪ್ಪಿಕೊಂಡು, ಅದನ್ನೂ ಕೊಡು. ಆ ಬಡಪಾಯಿಯ ಮಾತನ್ನ ಇನ್ನೊಂದು ಸಲ ಕೇಳಿಯಾರು."

"ಪಟ್ಟಿ ಇದೇ ವಾರ ಹೊರಬೀಳುತ್ತೆ ಸಾರ್. ಈಗ ಹಾಗೆ ಹೇಳಿದರೆ ನನ್ನ ಹೆಸರು ಹೊಡೆದುಹಾಕ್ತಾರೆ. ಒಮ್ಮೆ ನ್ಯಾಯಾಧೀಶನಾಗಿಬಿಟ್ಟರೆ ಸಾಕು, ಇಂಥವರು ನೂರು ಜನಕ್ಕೆ ನ್ಯಾಯ ಕೊಡ್ತೀನಿ."

"ಮರಿಸಿದ್ದನಿಗೆ?"

ವಾಮದೇವ ಬಗ್ಗಿ ಗುರುಗಳ ಕಾಲು ಹಿಡಿದುಕೊಂಡ.

"ಆಶೀರ್ವಾದ ಮಾಡಿ ಸಾರ್. ಅದಕ್ಕೆಂದೇ ಬಂದೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ನ್ಯಾಯಾಧೀಶನಾಗು."

ಅಬ್ಬಾ! ಹೋದ ಜೀವ ಬಂದಂತಾಯಿತು. ವಾಮದೇವ ಕಣ್ಣೊರೆಸಿಕೊಂಡು ಏಳಲು ಹೋದ. ಗುರುಗಳ ಕೈ ತಲೆ ಬಿಟ್ಟು ಕದಲಲಿಲ್ಲ.

"ತಾಳು, ಪೂರ್ತಿ ಕೇಳಿಸಿಕೊಂಡು ಹೋಗು," ಎಂದರು. "ನಿನ್ನ ಮುಂದೆ ನಿಂತು ವಾದ ಮಾಡುವವರೆಲ್ಲ ನಿನ್ನಂಥವರೇ ಆಗಿರಲಿ."