ಬಾಯಿ ತೆರೆಯಬಾರದೆಂಬ ನಿಯಮ

ಕೆರೆಯ ಕಾಲೇಜಿಗೆ ಪ್ರಾಂಶುಪಾಲರು ಹೆಜ್ಜಾರ್ಲೆ. ಕೊಕ್ಕಿನಡಿ ದೊಡ್ಡ ಚೀಲ ಜೋತುಬಿದ್ದ ಹಕ್ಕಿ. ಬೆಳಿಗ್ಗೆ ಅವರ ಕೋಣೆಗೆ ಹೋದ ಚೆನ್ನವೀರನೆಂಬ ಕಪ್ಪೆ ಮಧ್ಯಾಹ್ನವಾದರೂ ಹೊರಬರಲಿಲ್ಲ. ಉಳಿದ ಕಪ್ಪೆಗಳೆಲ್ಲ ಬಾಗಿಲ ಮುಂದೆ ಧರಣಿ ಕೂತವು.

“ಚೆನ್ನವೀರ ಎಲ್ಲಿ ಸರ್?” ಎಂದಳು ಮುಂದಾಳು ಗೌರವ್ವ.

ಪ್ರಾಂಶುಪಾಲರು ಕೊಕ್ಕನ್ನು ಕೂದಲೆಳೆಯಷ್ಟೇ ತೆರೆದು ಹೇಳಿದರು: “ಪ್ರತಿಭಟನೆ ನಿಮ್ಮ ಹಕ್ಕು. ಎಷ್ಟು ಬೇಕಾದರೂ ಕೂಗಿ. ಒಂದೇ ನಿಯಮ, ಯಾರೂ ಬಾಯಿ ತೆರೆಯಕೂಡದು.”

ಗೌರವ್ವ ಖುಷಿಯಿಂದಲೇ ಮುಚ್ಚಳಿಕೆ ಬರೆದುಕೊಟ್ಟಳು. ಗುಮಾಸ್ತ ಆಮೆ ಮೊಹರು ಒತ್ತಿತು. ಕಪ್ಪೆಗಳು ಕೂಗುವುದೇ ಬಾಯಿ ಮುಚ್ಚಿಕೊಂಡು. ಪ್ರಾಂಶುಪಾಲರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ಕಪ್ಪೆಗಳ ರುಚಿ ಬಲ್ಲವರೇ ಹೊರತು ಮಾತು ಕೇಳಿದವರಲ್ಲ.

ಇನ್ನೂರು ಗಂಟಲು ಉಬ್ಬಿದವು, ಒಂದು ಬಾಯಿಯೂ ತೆರೆಯಲಿಲ್ಲ. “ವಟರ್! ವಟರ್!” ಎಂಬ ಘೋಷಣೆಗೆ ಕೆರೆ ನಡುಗಿತು. ಕೊನೆಗೆ ಪ್ರಾಂಶುಪಾಲರ ಚೀಲದೊಳಗಿಂದಲೂ ಸಣ್ಣದೊಂದು “ವಟರ್” ಕೇಳಿಬಂತು.

ಹೆಜ್ಜಾರ್ಲೆಗೆ ರೇಗಿಹೋಯಿತು. “ಮುಚ್ರೋ ಬಾಯಿ!” ಎಂದು ಕೊಕ್ಕು ಅಗಲಿಸಿ ಅಬ್ಬರಿಸಿದರು.

ಚೆನ್ನವೀರ ಟಣ್ಣನೆ ಹೊರಗೆ ಹಾರಿದ.

“ನಿಯಮ ಮುರಿದಿದ್ದಕ್ಕೆ ದೊಡ್ಡ ಉಪಕಾರವಾಯಿತು ಸರ್” ಎಂದು ಕೈಮುಗಿದು, ಧರಣಿಯ ಮೊದಲ ಸಾಲಿನಲ್ಲಿ ಕೂತ.