ಎರಡನೆಯ ತುತ್ತು

"ಗುರುಗಳೇ, ಅನ್ನ ಬಡಿಸುವ ಕೈ ಆಳುವವರತ್ತ ಬೆರಳು ತೋರಿಸಬಹುದೇ?" ಎಂದು ನೀಲಾಂಬಿಕೆ ಕೇಳಿದಳು.

ನೆರೆ ಬಂದ ಹಳ್ಳಿಗಳಿಗೆ ಅಕ್ಕಿ ಬೇಳೆ ಹಂಚುವ ಸಂಘವೊಂದನ್ನು ಅವಳು ನಡೆಸುತ್ತಿದ್ದಳು. ಅಂದು ಮಧ್ಯಾಹ್ನ ಮಠಕ್ಕೆ ಬಂದವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ಕೈ ಮುಗಿಯಲಿಲ್ಲ, ತಲೆ ಬಾಗಿಸಿ ನಮಸ್ಕರಿಸಿದಳು.

"ಏಕೆ ಕೇಳುತ್ತೀ, ತಾಯಿ?"

"ನದಿಯ ಒಡ್ಡು ಒಡೆದದ್ದು ಯಾರ ತಪ್ಪು ಎಂದು ನಾವು ಆಡಬಾರದಂತೆ. ಆಡುವುದಿಲ್ಲ ಎಂದು ಬರೆದು ಸಂಘದ ಮುದ್ರೆ ಒತ್ತಿ ಕೊಟ್ಟರೆ ಆಳುವವರು ನಮ್ಮ ಗಾಡಿಗಳಿಗೆ ದಾರಿ ಬಿಡುತ್ತಾರಂತೆ. ಹಸಿದವನಿಗೆ ಬೇಕಾದ್ದು ಅನ್ನ. ನನ್ನ ಮಾತಲ್ಲವಲ್ಲ?"

ಗುರುಗಳು ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕೂತರು. ಆಮೇಲೆ ಈ ಕತೆ ಹೇಳಿದರು.

ಇಥಿಯೋಪಿಯದ ಎತ್ತರದ ಸೀಮೆಯೊಂದರಲ್ಲಿ ಹುಟ್ಟಿದ ಮುಲುನೇಶ್ ಎಂಬ ಹೆಂಗಸು ಹಿಮ ಬೀಳುವ ದೂರದ ದೇಶವೊಂದರಲ್ಲಿ ನೆಲೆಸಿದ್ದಳು. ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಆದರೂ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ತಾನು ಯಾವ ನಾಡಿನಲ್ಲಿದ್ದೇನೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಹೊರಗೆ ಹಿಮ ಉದುರುತ್ತಿದ್ದರೆ, ಅಮ್ಮ ಅಂಗಳದಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ ಅನ್ನಿಸುತ್ತಿತ್ತು. ಕಿಟಕಿ ತೆರೆದು ಕೈ ಚಾಚುವಳು. ಅಂಗೈಯಲ್ಲಿ ಅದು ಕರಗಿ ನೀರಾದ ಮೇಲೆ, ಇದು ಹಿಟ್ಟಲ್ಲ ಎಂದು ಗೊತ್ತಾಗುತ್ತಿತ್ತು.

ಅವರ ಧಾನ್ಯ ಟೆಫ್. ಅದರ ಪಕ್ಕದಲ್ಲಿಟ್ಟರೆ ನಮ್ಮ ರಾಗಿಯೇ ದೊಡ್ಡಣ್ಣ, ಅಷ್ಟು ಸಣ್ಣ ಕಾಳು. ಹಿಟ್ಟನ್ನು ಹುಳಿ ಬರಿಸಿ, ಅಗಲವಾದ ದೋಸೆಯಂತೆ ಹುಯ್ದು, ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕೂತು ಉಣ್ಣುತ್ತಾರೆ. ಆ ಊಟದಲ್ಲಿ ಒಂದು ಪದ್ಧತಿ ಉಂಟು. ಬೇಕಾದವರ ಬಾಯಿಗೆ ತಮ್ಮ ಕೈಯಿಂದಲೇ ತುತ್ತಿಡಬೇಕು. ಒಂದೇ ತುತ್ತಿಟ್ಟು ಕೈ ತೆಗೆದರೆ ಜಗಳ ಹುಟ್ಟುತ್ತದೆ, ಎರಡನೆಯದನ್ನೂ ಇಟ್ಟರೆ ನಂಟು ನಿಲ್ಲುತ್ತದೆ ಎಂದು ಅಲ್ಲಿನ ಹಿರಿಯರ ಮಾತು. ಚಿಕ್ಕಂದಿನಲ್ಲಿ ಅಮ್ಮ ಮುಲುನೇಶಳ ಮಣಿಕಟ್ಟು ಹಿಡಿದು, "ಇನ್ನೊಂದು, ಇನ್ನೊಂದು" ಎಂದು ಹೇಳಿಕೊಟ್ಟಿದ್ದಳು.

ಒಂದು ವರ್ಷ ಆ ಸೀಮೆಯಲ್ಲಿ ದಂಗೆ ಎದ್ದಿತು. ಆಳುವವರು ದಾರಿಗಳನ್ನು ಮುಚ್ಚಿದರು. ಸಂತೆ ನಿಂತಿತು. ಒಳಗೆ ಹಸಿವು ಹಬ್ಬಿತು. ಅಂಥದ್ದೇನೂ ಇಲ್ಲ ಎಂದು ಆಳುವವರು ಲೋಕಕ್ಕೆ ಹೇಳಿದರು.

ಅಲ್ಲಿನ ಗುಡ್ಡದ ಮೇಲೆ ಒಬ್ಬ ಅಂಗಡಿಯವನಿದ್ದ. ಅವನ ಬಳಿ ಫೋನಿತ್ತು. ಮುಲುನೇಶ್ ವಾರಕ್ಕೊಮ್ಮೆ ಅವನಿಗೆ ಫೋನು ಮಾಡಿ, "ಅಣ್ಣಾ, ಹೊರಗೆ ಬಂದು ನೋಡು. ಯಾವ ಯಾವ ಊರಿನಲ್ಲಿ ಹೊಗೆ ಏಳುತ್ತಿದೆ?" ಎಂದು ಕೇಳುವಳು. ಅವನು ಹೇಳಿದ್ದನ್ನು ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆಯುವಳು. ಒಲೆ ಹೊತ್ತಿದ ಊರು ಎಡಕ್ಕೆ, ಹೊತ್ತದ ಊರು ಬಲಕ್ಕೆ. ಬಲಗಡೆಯ ಪಟ್ಟಿ ವಾರ ವಾರಕ್ಕೂ ಬೆಳೆಯಿತು. ಒಂದು ವಾರ ಅಮ್ಮನ ಊರೂ ಎಡದಿಂದ ಬಲಕ್ಕೆ ಬಂತು.

ಪ್ರತಿ ಶನಿವಾರ ಅವಳು ನಗರದ ದೊಡ್ಡ ಚೌಕದಲ್ಲಿ ನಿಂತು ಬಲಗಡೆಯ ಊರುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದಳು. ಭಾನುವಾರ ತನ್ನ ನಾಡಿನವರನ್ನು ಕೂಡಿಸಿ ಧಾನ್ಯದ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಇವು ಎರಡು ಕೆಲಸ ಎಂದು ಅವಳಿಗೆ ತೋರಿರಲಿಲ್ಲ. ಚೀಲಗಳು ಹಡಗು ಹತ್ತಿ, ಲಾರಿ ಹತ್ತಿ, ಸೀಮೆಯ ಗಡಿಕಟ್ಟೆಗೆ ಹೋಗಿ ನಿಂತವು. ಕಟ್ಟೆ ತೆರೆಯಲಿಲ್ಲ.

ಆಗ ಆಳುವವರ ಕಡೆಯಿಂದ ಒಬ್ಬ ದೂತ ಅವಳ ಮನೆಗೆ ಬಂದ. ಅವನೂ ಅವಳ ನಾಡಿನವನೇ, ನಗುಮುಖದವನು. ಬಾಗಿಲಿಗೆ ಬಂದವನನ್ನು ಉಣ್ಣಿಸದೆ ಕಳಿಸಿದವಳಲ್ಲ ಮುಲುನೇಶ್. ತಟ್ಟೆ ಇಟ್ಟಳು. ಅವನ ಬಾಯಿಗೆ ತುತ್ತಿಟ್ಟಳು.

"ಎತ್ಯೆ," ಎಂದ ಅವನು. ಅಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರೆ. "ಈ ಕೈರುಚಿಗೆ ಯಾವ ಗಡಿ ತಾನೇ ತೆರೆಯದು? ನಾಳೆಯೇ ತೆಗೆಸುತ್ತೇನೆ. ಒಂದು ಕಾಗದ ಬೇಕು, ಅಷ್ಟೆ."

"ಏನೆಂದು?"

"ಸೀಮೆಯಲ್ಲಿ ಹಸಿವಿಲ್ಲ, ಇದು ಹಬ್ಬದ ಉಡುಗೊರೆ ಎಂದು. ಫಾಸಿಕಾ ಬರುತ್ತಿದೆಯಲ್ಲ, ಉಪವಾಸ ಮುಗಿಸುವ ಹಬ್ಬ? ನೀನೂ ಊರಿಗೆ ಹೋಗಿ ಬಾ, ಪರವಾನಗಿ ನಾನು ಕೊಡಿಸುತ್ತೇನೆ. ಆ ಶನಿವಾರದ ಓದೊಂದನ್ನು ಬಿಟ್ಟುಬಿಡು. ಚಳಿಯಲ್ಲಿ ಗಂಟಲು ಕೆಡುತ್ತದೆ."

ಅಮ್ಮನ ತಣ್ಣನೆಯ ಒಲೆ ಮುಲುನೇಶಳ ಕಣ್ಣಿಗೆ ಕಟ್ಟಿತು. ಕಾಗದದಲ್ಲಿ ಏನಿದ್ದರೇನು, ಚೀಲದಲ್ಲಿ ಇರುವುದು ಕಾಳು ತಾನೆ? ಎದ್ದು ಪೆನ್ನು ಹುಡುಕಿ ತಂದಳು.

"ಒಂದೇ ತುತ್ತೇ, ಎತ್ಯೆ? ಜಗಳಕ್ಕೆ ಕರೆಯುತ್ತೀಯೇನು?" ಎಂದು ದೂತ ನಕ್ಕ.

ಅವಳೂ ನಕ್ಕಳು. ಆದರೆ ತುತ್ತಿಡುವ ಕೈಯಲ್ಲಿ ಪೆನ್ನಿತ್ತು. ಎರಡನೆಯದು ಮರೆತೇಹೋಯಿತು.

ಮರುದಿನ ಗಡಿ ತೆರೆಯಿತು. ಆ ಶನಿವಾರ ಅವಳು ಚೌಕಕ್ಕೆ ಹೋಗಲಿಲ್ಲ. ಮನೆಯಲ್ಲೇ ಮಲಗಿ ಕನಸು ಕಂಡಳು. ಚೀಲಗಳು ತಾವೇ ನಡೆದು ಬೆಟ್ಟ ಹತ್ತುತ್ತಿದ್ದವು. ಅಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು. ಮುಲುನೇಶ್ ತುತ್ತು ಹಿಡಿದು ಕೈ ಚಾಚಿದಳು. ಚಾಚಿದಷ್ಟೂ ಬಾಗಿಲು ಹಿಂದೆ ಸರಿಯಿತು. ತುತ್ತು ಬೆರಳ ತುದಿಯಲ್ಲಿ ಕರಗಿ ನೀರಾಯಿತು.

ಮುಂದಿನ ವಾರ ಫೋನು ಮಾಡಿದಾಗ ಎತ್ತಿದವಳು ಅಮ್ಮ. ಕೋಲೂರಿಕೊಂಡು ಅಂಗಡಿಯವರೆಗೂ ಬಂದಿದ್ದಳು.

"ಚೀಲ ಬಂದಿವೆ, ಮಗಳೇ."

"ಉಂಡೆಯಾ ಅಮ್ಮಾ?"

"ಉಗ್ರಾಣಕ್ಕೆ ಬೀಗ. ಕಾವಲಿನವನು ಒಳ್ಳೆಯವನೇ, ಕಾಗದ ಓದಿ ತೋರಿಸಿದ. ಹಬ್ಬದ ಉಡುಗೊರೆಯಂತೆ, ಹಬ್ಬದ ದಿನವೇ ತೆಗೆಯಬೇಕಂತೆ. ಇನ್ನೂ ನಲವತ್ತೆಂಟು ದಿನ ಇದೆ. ಹಸಿದವರೇ ಇಲ್ಲದ ಮೇಲೆ ಅವಸರವೇನಜ್ಜೀ ಎಂದ. ನೀನೇ ಬರೆದುಕೊಟ್ಟಿದ್ದೀಯಂತೆ."

ಮುಲುನೇಶ್ ನೋಟುಪುಸ್ತಕ ಮುಚ್ಚಿದಳು.

"ಬಾಗಿಲ ಸಂದಿಯಿಂದ ಟೆಫ್ ವಾಸನೆ ಬರುತ್ತದೆ. ಒಳ್ಳೆಯ ಕಾಳು," ಎಂದಳು ಅಮ್ಮ. ಆಮೇಲೆ, "ಒಂದೇ ತುತ್ತಿಗೆ ಕೈ ತೆಗೆ ಎಂದು ನಾನು ಕಲಿಸಿದ್ದೆನೇ?" ಎಂದು ಕೇಳಿದಳು.

ಆ ಶನಿವಾರ ಹಿಮ ಜೋರಾಗಿತ್ತು. ಮುಲುನೇಶ್ ಚೌಕಕ್ಕೆ ಹೋದಳು. ಊರುಗಳ ಪಟ್ಟಿಗಿಂತ ಮೊದಲು ತಾನು ಬರೆದುಕೊಟ್ಟ ಕಾಗದದ ಪ್ರತಿಯನ್ನು ಓದಿದಳು. "ಇದು ಸುಳ್ಳು. ಇದನ್ನು ಬರೆದವಳು ನಾನು. ಈ ಸಹಿ ನನ್ನದು," ಎಂದಳು. ಆಮೇಲೆ ಒಂದೊಂದೇ ಊರು. ದಾರಿಹೋಕರು ನಿಂತರು. ತಲೆಯ ಮೇಲೆ ಹಿಮ ಕೂರುತ್ತಿದ್ದರೂ ಕದಲಲಿಲ್ಲ.

ದೂತ ಓಡಿಬಂದ. "ಎತ್ಯೆ, ಇದೇನು ಮಾಡಿದೆ! ಇನ್ನು ಈ ಜನ್ಮದಲ್ಲಿ ನೀನು ಊರಿನ ಮಣ್ಣು ಮೆಟ್ಟುವ ಹಾಗಿಲ್ಲ, ತಿಳಿಯಿತೇ?"

"ಬಾ ತಮ್ಮಾ," ಎಂದಳು ಅವಳು. "ಅಂದು ನಿನಗೆ ಒಂದೇ ಇಟ್ಟು ಕಳಿಸಿದ್ದೆ. ಇದು ಎರಡನೆಯದು."

ಅಮ್ಮನ ಊರಿನ ಹೆಸರನ್ನು ಕೊನೆಗೆ ಓದಿದಳು.

ಮಾತು ಚೌಕ ದಾಟಿತು, ದೇಶ ದಾಟಿತು. ಸೀಮೆಯಲ್ಲಿ ಹಸಿವಿದೆಯೇ ಎಂದು ಆಳುವವರನ್ನು ಲೋಕ ಕೇಳತೊಡಗಿತು. ಅವಳು ಚೌಕದಲ್ಲಿ ಓದಿದ ಹತ್ತೊಂಬತ್ತನೆಯ ದಿನ ಉಗ್ರಾಣದ ಬೀಗ ತೆಗೆದರು. ಅಮ್ಮನ ಒಲೆಯಿಂದ ಹೊಗೆ ಎದ್ದದ್ದನ್ನು ಅಂಗಡಿಯವನು ನೋಡಿ ಹೇಳಿದ. ಕೆಲವು ಮನೆಗಳಲ್ಲಿ ಒಲೆ ಹೊತ್ತಿಸುವವರೇ ಉಳಿದಿರಲಿಲ್ಲ. ಆ ಮನೆಗಳ ಹೆಸರನ್ನೂ ಮುಲುನೇಶ್ ಬರೆದಿಟ್ಟಳು. ಆ ಹಾಳೆಯಲ್ಲಿ ಎಡವಿಲ್ಲ, ಬಲವಿಲ್ಲ. ಹಾಳೆಯ ನೆತ್ತಿಯಲ್ಲಿ ತನ್ನ ಹೆಸರನ್ನೇ ಬರೆದುಕೊಂಡಳು.

ದೂತ ಹೇಳಿದ್ದು ನಿಜವಾಯಿತು. ಅವಳನ್ನು ಊರಿಗೆ ಬಿಡಲಿಲ್ಲ. ತಾಯಿ ಮಗಳು ಮತ್ತೆ ಒಂದೇ ತಟ್ಟೆಯಲ್ಲಿ ಉಣ್ಣಲಿಲ್ಲ. ಹಿಮ ಬೀಳುವ ಬೆಳಗುಗಳಲ್ಲಿ ಮಾತ್ರ, ಅರೆನಿದ್ದೆಯಲ್ಲಿ, ಬಿಳಿಯ ಮಬ್ಬಿನೊಳಗಿಂದ ಒಂದು ಮುದಿ ಕೈ ಬಂದು ಅವಳ ಮಣಿಕಟ್ಟು ಹಿಡಿಯುತ್ತಿತ್ತು. ಇನ್ನೊಂದು, ಇನ್ನೊಂದು, ಎನ್ನುತ್ತಿತ್ತು. ಅವಳು ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು.

"ಗುರುಗಳೇ, ಅವಳು ಮೊದಲು ಆ ಕಾಗದ ಕೊಡದೇ ಇದ್ದಿದ್ದರೆ ಚೀಲಗಳು ಗಡಿಯಲ್ಲೇ ಉಳಿಯುತ್ತಿದ್ದವಲ್ಲವೇ?" ಎಂದಳು ನೀಲಾಂಬಿಕೆ.

"ಇರಬಹುದು."

ಅವಳು ಮುಂದೆ ಏನನ್ನೋ ಹೇಳಲು ಬಾಯಿ ತೆರೆದಳು. ಗುರುಗಳು ಮೆಲ್ಲನೆ ಕೇಳಿದರು:

"ಸೆರಗಿನೊಳಗಿರುವ ಆ ಬೆರಳಿನ ಮೇಲೆ, ತಾಯಿ, ಮುದ್ರೆಯ ಮಸಿ ಒಣಗಿತೋ, ಇನ್ನೂ ಹಸಿಯಿದೆಯೋ?"